ಷಡ್ಡಕನ ಡ್ರೈಯರು

ಷಡ್ಡಕ ಎಂಬ ಸಂಬಂಧವನ್ನು ಸೃಷ್ಟಿಸಿದವರು ಮನುಷ್ಯನ ನೆಮ್ಮದಿಯ ಬಗ್ಗೆ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಹೆಂಡತಿಯ ಅಕ್ಕನ ಗಂಡನನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅವನ ಜೊತೆ ತೂಗಿಸಿಕೊಳ್ಳುವ ಕರ್ತವ್ಯ ಮಾತ್ರ ಮದುವೆಯ ದಿನದಿಂದ ಸಾಯುವ ತನಕ ತಪ್ಪುವುದಿಲ್ಲ.

ಸ್ಯಾಂಪಲ್ ಸರ್ ಅವರ ಷಡ್ಡಕ ಒಂದು ದೊಡ್ಡ ಹೋಟೆಲಿನ ಲಾಂಡ್ರಿಗೆ ಮ್ಯಾನೇಜರು. ಸ್ಯಾಂಪಲ್ ಸರ್ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವರು. ನಲ್ಲಿ ನೀರು ವಾಸನೆ ಬರುತ್ತಿದೆ ಎಂದು ಯಾರಾದರೂ ದೂರಿದರೆ ಅವರು ‘ಸ್ಯಾಂಪಲ್ ತನ್ನಿ, ನೋಡೋಣ’ ಎನ್ನುತ್ತಿದ್ದರು. ಅದು ನ್ಯಾಯವೇ. ಆದರೆ ಅಡುಗೆಗೆ ಉಪ್ಪು ಸಾಕಾ ಎಂದು ಹೆಂಡತಿ ಕೇಳಿದರೂ, ಪಕ್ಕದ ಮನೆಯವರು ಅಳಿಯ ಹೇಗಿದ್ದಾನೆ ನೋಡಿ ಎಂದರೂ ಅದೇ ಮಾತು ಬಾಯಿಗೆ ಬರುತ್ತಿದ್ದುದರಿಂದ, ಆ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಬಾಗಿಲ ಮೇಲಿನ ಫಲಕಕ್ಕಷ್ಟೇ ಗೊತ್ತಿತ್ತು.

ಷಡ್ಡಕ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಅಲ್ಲಿಯ ತನಕ ಇರಲಿ ಎಂದು ತನ್ನ ಡ್ರೈಯರನ್ನು ಇವರ ಮನೆಗೆ ತಂದಿಳಿಸಿದ. ಬಟ್ಟೆ ಒಗೆಯುವ ಯಂತ್ರದಷ್ಟೇ ಗಾತ್ರದ, ಬಟ್ಟೆ ಒಣಗಿಸುವ ಯಂತ್ರ ಅದು. ಬಿಸಿಗಾಳಿ ಒದ್ದೆ ಬಟ್ಟೆಯ ನೀರನ್ನು ಆವಿಯಾಗಿ ಎಳೆದುಕೊಳ್ಳುತ್ತದೆ. ಆವಿ ಕಂಡೆನ್ಸರಿನಲ್ಲಿ ತಣಿದು ಮತ್ತೆ ನೀರಾಗಿ ತಳದ ಗುಂಡಿಗೆ ಇಳಿಯುತ್ತದೆ. ಒಂದು ಪುಟ್ಟ ಪಂಪು ಆ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕು ತುಂಬಿದರೆ ಕೆಂಪು ದೀಪ ಹತ್ತಿ ಯಂತ್ರ ನಿಲ್ಲುತ್ತದೆ. ಮನೆಯವರು ನೀರು ಚೆಲ್ಲಿ ಬರಬೇಕು.

‘ಅಷ್ಟೇ ಕೆಲಸ,’ ಎಂದ ಷಡ್ಡಕ. ‘ನೀರು ಚೆಲ್ಲಿ, ಜಾಳಿಗೆಯ ಧೂಳು ಒರೆಸಿ. ಇನ್ನೊಂದು ಮಾತು ವಿಜ್ಞಾನಿಗಳೇ, ದಯವಿಟ್ಟು ನೀವು ಸ್ಕ್ರೂಡ್ರೈವರ್ ಹಿಡ್ಕೊಂಡು ಇದರ ಹತ್ರ ಹೋಗ್ಬೇಡಿ. ನಿಮ್ಮ ಕೈ ಸೋಕಿದ ಮೇಲೆ ಆ ಗೋಡೆ ಗಡಿಯಾರ ಹಿಂದಕ್ಕೆ ಓಡಿದ್ದು ನಾನೇ ಕಣ್ಣಾರೆ ನೋಡಿದೀನಿ.’

‘ಮುಟ್ಟಲ್ಲ ಭಾವ,’ ಎಂದು ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ ನಡುವೆ ಬಂದಳು. ‘ಅಕ್ಕಂಗೆ ಹೇಳಿ, ನಾನು ಮಾತು ಕೊಟ್ಟಿದೀನಿ. ಇವರು ಮುಟ್ಟಲ್ಲ.’

ಕಾಲೇಜಿನ ದಿನದಿಂದ ಗಾಜಿನ ಕಂಡೆನ್ಸರಿನ ಜೊತೆ ಬದುಕಿದ ಮನುಷ್ಯನಿಗೆ ಕಂಡೆನ್ಸರು ಮುಟ್ಟಬೇಡ ಎನ್ನುವುದು, ಈಜುಗಾರನಿಗೆ ಬಚ್ಚಲಲ್ಲಿ ಜೋಪಾನ ಎಂದ ಹಾಗೆ. ಆದರೆ ಷಡ್ಡಕನ ಮುಂದೆ ಮೌನವೇ ಘನತೆ. ಅಲ್ಲದೆ ಗಡಿಯಾರದ ವಿಷಯ ನಿಜವಾಗಿತ್ತು.

ಹೊಸ ಮನೆ ಮುಗಿದು, ಷಡ್ಡಕ ಭಾನುವಾರ ಬಂದು ಯಂತ್ರ ಒಯ್ಯುವುದೆಂದು ನಿಶ್ಚಯವಾಯಿತು. ಆ ವಾರವೇ ಅದು ಕೆಟ್ಟಿತು. ಓಡಲು ಶುರುವಾಗಿ ಬಟ್ಟೆ ಬೆಚ್ಚಗಾಗುವಷ್ಟರಲ್ಲಿ ಕೆಂಪು ದೀಪ ಹತ್ತಿ ನಿಂತುಬಿಡುತ್ತಿತ್ತು. ಟ್ಯಾಂಕು ತೆಗೆದು ನೋಡಿದರೆ ಖಾಲಿ. ತುಂಬಿದೆ ಎಂದು ಯಂತ್ರ, ಇಲ್ಲ ಎಂದು ಕಣ್ಣು.

ಹೆಂಡತಿ ಶಾಲೆಗೆ ಹೋದ ಹೊತ್ತು ನೋಡಿ ಸ್ಯಾಂಪಲ್ ಸರ್ ರಜೆ ಹಾಕಿದರು. ಪ್ಲಗ್ಗು ಕಿತ್ತರು. ಊಟದ ತಟ್ಟೆಗಳನ್ನು ಸಾಲಾಗಿಟ್ಟು ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ಜೋಡಿಸಿದರು. ಕಂಡೆನ್ಸರನ್ನು ಹೊರಗೆಳೆದು, ಅದರ ಹಿಂದಿನ ಗುಂಡಿಗೆ ಕೈ ಹಾಕಿದಾಗ ಬಟ್ಟೆಯ ನವಿರು ಧೂಳು ನೀರಲ್ಲಿ ನೆನೆದು ಇಲಿಯ ತುಪ್ಪಳದಂತೆ ಕೈಗೆ ಬಂತು. ಗುಂಡಿ ತುಂಬಿತೆಂದು ತಿಳಿಸುವ ತೇಲುಬೆಂಡು ಅದರಲ್ಲಿ ಸಿಕ್ಕಿಕೊಂಡಿತ್ತು. ಪಂಪಿನ ರೆಕ್ಕೆಗೂ ಅದೇ ಸುತ್ತಿತ್ತು. ಅವರ ರೋಗನಿರ್ಣಯ ಸರಿಯಾಗಿತ್ತು, ಚಿಕಿತ್ಸೆಯೂ ಸರಿಯಾಗಿತ್ತು. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಯಾರೂ ಹೇಳುವುದಿಲ್ಲ.

ಎಲ್ಲ ಮರಳಿ ಜೋಡಿಸಿದ ಮೇಲೆ ಕೊನೆಯ ತಟ್ಟೆಯಲ್ಲಿ ತಂತಿಯ ಒಂದು ಕ್ಲಿಪ್ಪು ಉಳಿಯಿತು.

ಸಾಮಾನ್ಯ ಮನುಷ್ಯ ಗಾಬರಿಯಾಗುತ್ತಿದ್ದ. ಸ್ಯಾಂಪಲ್ ಸರ್ ಯೋಚಿಸಿದರು. ಎಂಜಿನಿಯರುಗಳು ಯಾವುದನ್ನೇ ಕಟ್ಟಿದರೂ ಬೇಕಾದುದಕ್ಕಿಂತ ಒಂದು ಪಾಲು ಹೆಚ್ಚು ಬಲ ಸೇರಿಸುತ್ತಾರೆಂದು ಅವರು ಓದಿದ್ದರು. ಈ ಕ್ಲಿಪ್ಪು ಆ ಹೆಚ್ಚಿನ ಪಾಲು ಎಂದು ತೀರ್ಮಾನಿಸಿ ಜೇಬಿಗೆ ಹಾಕಿಕೊಂಡರು.

ಯಂತ್ರ ಓಡಿತು! ಕೆಂಪು ದೀಪ ಹತ್ತಲಿಲ್ಲ. ಬಟ್ಟೆ ಗರಿಗರಿಯಾಗಿ ಒಣಗಿತು. ಟ್ಯಾಂಕು ತೆಗೆದು ನೋಡಿದರೆ ಅದೂ ಒಣಗಿತ್ತು.

ಸಂಜೆ ಬಂದ ಹೆಂಡತಿ ಬೆಡ್‌ಶೀಟು ಮಡಿಸುತ್ತಾ ಕೇಳಿದಳು, ‘ರೀ, ಇದು ಸರಿ ಹೋಯ್ತಾ?’

‘ತಾನಾಗೇ ಸರಿಹೋಯ್ತು.’

‘ಟ್ಯಾಂಕಲ್ಲಿ ನೀರೇ ಇಲ್ಲ. ಎಲ್ಲಿಗೆ ಹೋಯ್ತು?’

‘ಈಗ ಅದರ ದಕ್ಷತೆ ಜಾಸ್ತಿಯಾಗಿದೆ,’ ಎಂದರು ಸ್ಯಾಂಪಲ್ ಸರ್.

ದ್ರವ್ಯ ಎಲ್ಲಿಯೂ ನಾಶವಾಗುವುದಿಲ್ಲ ಎಂಬ ನಿಯಮವನ್ನು ಅವರು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬರೆದು ಪೂರ್ತಿ ಅಂಕ ಪಡೆದಿದ್ದರು. ಆದರೆ ಗೆದ್ದ ಗಂಡಸಿಗೆ ನಿಯಮ ನೆನಪಾಗುವುದಿಲ್ಲ. ಅಂದಿನಿಂದ ದಿನಾ ಒಂದು ಸಲ, ಬೇಕಿರಲಿ ಬೇಡದಿರಲಿ, ಯಂತ್ರ ಓಡಿಸಿ ಖಾಲಿ ಟ್ಯಾಂಕನ್ನು ನೋಡಿ ಆನಂದಿಸುವುದು ಅವರ ರೂಢಿಯಾಯಿತು.

ಅವರ ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಹೆಡ್ ನರ್ಸ್ ಇದ್ದರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಅವರು ಎಲ್ಲರನ್ನೂ ರೋಗಿಗಳೆಂದು ತಿಳಿದಿದ್ದರು. ಒಂದು ಬೆಳಿಗ್ಗೆ ಅವರು ಮೆಟ್ಟಿಲ ಹತ್ತಿರ ನಿಂತು ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಕರೆದರು.

‘ನನ್ನ ಮಂಚದ ಮೇಲೆ ಸೀಲಿಂಗಿಂದ ಡ್ರಿಪ್ ಇಳೀತಿದೆ. ನನ್ನ ಸರ್ವೀಸಲ್ಲಿ ಯಾವ ರೋಗಿಗೂ ಇಷ್ಟು ಕ್ರಮವಾಗಿ ಇಳಿದಿರಲಿಲ್ಲ. ನಿಲ್ಲಿಸೋ ಚಕ್ರ ಎಲ್ಲಿದೆ ಅಷ್ಟು ಹೇಳಿ ಸಾಕು.’

ಕಾರ್ಯದರ್ಶಿ ಮೊದಲು ರೈಲ್ವೆ ಸ್ಟೇಷನ್ ಮಾಸ್ಟರಾಗಿದ್ದವರು. ನಿವೃತ್ತಿಯಾದರೂ ಪ್ಲಾಟ್‌ಫಾರಂನ ದನಿ ನಿವೃತ್ತಿಯಾಗಿರಲಿಲ್ಲ. ‘ನಿವಾಸಿಗಳ ಗಮನಕ್ಕೆ!’ ಎಂದು ಮೆಟ್ಟಿಲ ಬಾಯಲ್ಲಿ ಕೂಗಿ, ಪ್ಲಂಬರನ್ನು ಕರೆಸಿದರು.

ಪ್ಲಂಬರು ಸೀಲಿಂಗು ನೋಡಿ, ಗೋಡೆಗೆ ಕಿವಿ ಇಟ್ಟು, ‘ಒಡೀದೆ ಏನೂ ಹೇಳಕ್ಕಾಗಲ್ಲ’ ಎಂದ. ಬಚ್ಚಲ ಗೋಡೆ ಒಡೆದ. ಒಳಗಿನ ಪೈಪು ಒಣಗಿತ್ತು.

‘ಪೈಪು ಚೆನ್ನಾಗಿದೆ,’ ಎಂದ.

‘ಗೋಡೆ?’ ಎಂದರು ಸಿಸ್ಟರ್.

‘ಗೋಡೇನೂ ಚೆನ್ನಾಗಿತ್ತು.’

ಆಗ ಕಾರ್ಯದರ್ಶಿಗೆ ಹೊಳೆಯಿತು: ನೀರಿನ ತಜ್ಞರು ಇದೇ ಕಟ್ಟಡದಲ್ಲಿರುವಾಗ ಗೋಡೆ ಏಕೆ ಒಡೆಯಬೇಕು? ಸ್ಯಾಂಪಲ್ ಸರ್ ಅವರನ್ನು ಗೌರವದಿಂದ ಕರೆತಂದರು. ಅವರು ತೊಳೆದ ಗಾಜಿನ ಲೋಟದಲ್ಲಿ ಹನಿಗಳನ್ನು ಹಿಡಿದರು. ಬೆಳಕಿಗೆ ಹಿಡಿದು ನೋಡಿದರು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವ, ಪೆನ್ನಿನ ಗಾತ್ರದ ಮೀಟರನ್ನು ಜೇಬಿನಿಂದ ತೆಗೆದು ಅದ್ದಿದರು. ಕೋಣೆಯಲ್ಲಿ ನೆರೆದವರು ಉಸಿರು ಹಿಡಿದರು. ಸಿಸ್ಟರ್ ಅಭ್ಯಾಸಬಲದಿಂದ ಸ್ಯಾಂಪಲ್ ಸರ್ ಅವರ ನಾಡಿ ಹಿಡಿಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು.

‘ಹೆಚ್ಚುಕಡಿಮೆ ಸೊನ್ನೆ!’ ಎಂದರು ಸ್ಯಾಂಪಲ್ ಸರ್. ‘ಇದು ನಲ್ಲಿ ನೀರಲ್ಲ. ಚರಂಡಿ ನೀರಂತೂ ಅಲ್ಲವೇ ಅಲ್ಲ. ಆವಿ ತಣಿದು ಆದ ನೀರು. ಎಲ್ಲೋ ಒಂದು ಯಂತ್ರದಲ್ಲಿ ಬಿಸಿ ತೇವದ ಗಾಳಿ ತಣ್ಣಗಾಗಿ, ಈ ನೀರು ಹುಟ್ಟಿದೆ.’

‘ಅಂದ್ರೆ?’

‘ಉದಾಹರಣೆಗೆ ಏಸಿ.’

ಉದಾಹರಣೆ ಕೊಡುವ ಚಟ ಎಷ್ಟು ಮನೆ ಕೆಡಿಸಿದೆಯೋ ಲೆಕ್ಕವಿಲ್ಲ. ಎಲ್ಲರ ಕಣ್ಣೂ ಮೇಲಕ್ಕೆ ಹೋಯಿತು. ಅದೇ ಸಾಲಿನಲ್ಲಿ, ಸ್ಯಾಂಪಲ್ ಸರ್ ಅವರ ನೆತ್ತಿಯ ಮೇಲಿನ ಮನೆಯಲ್ಲಿ, ಬೇಕರಿಯ ಹುಡುಗನೊಬ್ಬ ಬಾಡಿಗೆಗಿದ್ದ. ಕಟ್ಟಡದವರಿಗೆ ಅವನು ಬ್ರೆಡ್ಡು. ಎಲ್ಲರೂ ಮಲಗಿದಾಗ ಬ್ರೆಡ್ಡು ಬೇಯಿಸಿ, ಎಲ್ಲರೂ ಎದ್ದಾಗ ಮಲಗುತ್ತಿದ್ದ. ಅವನ ಕಿಟಕಿಯಲ್ಲಿ ಒಂದು ಏಸಿ ಇತ್ತು.

ಬಾಗಿಲು ಬಡಿದು ಎಬ್ಬಿಸಿದಾಗ ಅವನು ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ಬಂದ.

‘ಏಸಿನಾ? ಸಾರ್, ಅದು ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದು. ಅದರೊಳಗೆ ಪಾರಿವಾಳ ಸಂಸಾರ ಮಾಡ್ತಿದೆ. ಹಾಕಿದ್ರೆ ಗಾಳಿ ಬರಲ್ಲ, ಪುಕ್ಕ ಬರುತ್ತೆ.’

‘ತಜ್ಞರು ಪರೀಕ್ಷೆ ಮಾಡಿ ಹೇಳಿದಾರೆ,’ ಎಂದರು ಕಾರ್ಯದರ್ಶಿ. ‘ಮೊದಲೇ ನಿನ್ನ ಮೇಲೆ ದೂರಿದೆ. ಹಗಲುಹೊತ್ತಲ್ಲಿ ಮಲಗ್ತೀಯ.’

‘ಹಗಲು ಮಲಗಿದ್ರೆ ಸೀಲಿಂಗ್ ಸೋರತ್ತಾ?’

‘ಎದುರು ಮಾತು ಬೇರೆ! ಭಾನುವಾರ ಸಭೆ ಸೇರತ್ತೆ. ಮನೆ ಖಾಲಿ ಮಾಡೋಕೆ ಸಿದ್ಧ ಆಗು.’

ಬ್ರೆಡ್ಡಿನ ಮುಖದಿಂದ ನಿದ್ದೆ ಇಳಿಯಿತು. ‘ಸಾರ್, ಹೆಂಡತಿಗೆ ದಿನ ತುಂಬಿದೆ. ಮಗು ಎತ್ಕೊಂಡು ಇಲ್ಲಿಗೇ ಬರ್ತಾಳೆ. ಈಗ ಮನೆ ಬಿಡು ಅಂದ್ರೆ ನಾನು ಅವಳನ್ನ ಪಾರಿವಾಳದ ಹಾಗೆ ಯಾರ ಏಸೀಲಿ ಇಡ್ಲಿ?’

ಸ್ಯಾಂಪಲ್ ಸರ್ ಈ ಮಾತಿನ ತನಕ ತಜ್ಞರಾಗಿಯೇ ನಿಂತಿದ್ದರು. ಒಂದು ಮಹಡಿ ಇಳಿದು ತಮ್ಮ ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ, ಒಳಗಿನಿಂದ ಡ್ರೈಯರು ಗುರ್ ಎನ್ನುವುದು ಕೇಳಿಸಿತು. ಆಗ, ಕಾಲೇಜಿನಿಂದ ಅಷ್ಟು ದೂರ ನಡೆದುಕೊಂಡು ಬಂದ ಹಾಗೆ, ದ್ರವ್ಯ ನಾಶವಾಗುವುದಿಲ್ಲ ಎಂಬ ನಿಯಮ ಬಂದು ಅವರ ಮುಂದೆ ನಿಂತಿತು.

ಯಂತ್ರದ ಹಿಂದೆ ಟಾರ್ಚು ಬಿಟ್ಟು ನೋಡಿದರು. ಪಂಪಿನಿಂದ ಟ್ಯಾಂಕಿಗೆ ಏರಬೇಕಾದ ರಬ್ಬರು ಕೊಳವೆ ಕಳಚಿ ಮೂಲೆಗೆ ಬಿದ್ದಿತ್ತು. ಅಲ್ಲಿ ನೆಲದಲ್ಲಿ ಹಳೆಯ ಪೈಪೊಂದಕ್ಕೆ ಕೊರೆದು ಮುಚ್ಚದೆ ಬಿಟ್ಟ ತೂತು. ಕೊಳವೆಯ ಬಾಯಿ ತೂತಿನ ಬಾಯಿಗೆ, ತಾಯಿ ಮಗುವಿಗೆ ಹಾಲೂಡಿಸುವ ಹಾಗೆ, ನೀರೂಡಿಸುತ್ತಿತ್ತು. ಕೊಳವೆಯನ್ನು ಬಿಗಿಯಾಗಿ ಹಿಡಿದಿರಬೇಕಾದ ಕ್ಲಿಪ್ಪು ಅವರ ಜೇಬಿನಲ್ಲಿ ಚುಚ್ಚುತ್ತಿತ್ತು.

ಮಾನವಂತ ಮನುಷ್ಯ ಮಾಡುವುದನ್ನೇ ಅವರು ಮಾಡಿದರು: ಯಾರಿಗೂ ಹೇಳದೆ ಪ್ಲಗ್ಗು ಕಿತ್ತರು. ಹನಿ ನಿಂತರೆ ದೂರೂ ನಿಲ್ಲುತ್ತದೆ, ಹುಡುಗನ ಮನೆ ಉಳಿಯುತ್ತದೆ, ಹೆಂಡತಿ ಕೊಟ್ಟ ಮಾತೂ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಅದೇ ಹೊತ್ತಿಗೆ ಕಾರ್ಯದರ್ಶಿ ಬ್ರೆಡ್ಡಿನ ಏಸಿಯ ಫ್ಯೂಸು ಕೀಳಿಸಿದ್ದರು.

ಹನಿ ನಿಂತಿತು. ಕೆಳಗಿನಿಂದ ಸಿಸ್ಟರ್ ಕೂಗು: ‘ಡ್ರಿಪ್ ಬಂದ್!’ ಮೇಲಿನಿಂದ ಕಾರ್ಯದರ್ಶಿಯ ಜಯಘೋಷ: ‘ಸಾಬೀತಾಯ್ತು!’ ಪ್ಲಂಬರು ಚಪ್ಪಾಳೆ ತಟ್ಟಿದ. ನಡುವಿನ ಮಹಡಿಯಲ್ಲಿ ಸ್ಯಾಂಪಲ್ ಸರ್ ಪ್ಲಗ್ಗು ಹಿಡಿದುಕೊಂಡು ನಿಂತಿದ್ದರು. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು, ಇಷ್ಟು ತಪ್ಪು ಫಲಿತಾಂಶದೊಡನೆ, ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಯೋಚಿಸಿದರು. ಏಸಿ ಬಂದ್ ಆಗಿರುವಾಗಲೂ ಹನಿ ಬಿದ್ದರೆ? ಆಗ ಏಸಿ ನಿರಪರಾಧಿ ಎಂದು ತಾನಾಗಿ ಗೊತ್ತಾಗುತ್ತದೆ. ಯಾರೂ ಏನೂ ಒಪ್ಪಿಕೊಳ್ಳಬೇಕಿಲ್ಲ. ಪ್ಲಗ್ಗು ಮತ್ತೆ ಸಿಕ್ಕಿಸಿದರು. ಒದ್ದೆ ಬಟ್ಟೆ ಹುಡುಕಿದರು, ಇರಲಿಲ್ಲ. ಒಣ ಟವೆಲುಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಹಿಂಡಿ, ಯಂತ್ರಕ್ಕೆ ತುರುಕಿದರು. ಅದು ಸಾಲದೆನಿಸಿ ದಿಂಬಿನ ಚೀಲ, ಕಿಟಕಿಯ ಪರದೆ, ಬೀರುವಿನಲ್ಲಿ ಇಸ್ತ್ರಿಯಾಗಿ ಮಲಗಿದ್ದ ಅಂಗಿಗಳು ಒಂದೊಂದಾಗಿ ಸ್ನಾನಕ್ಕೆ ಹೋದವು.

ಹೆಂಡತಿ ಬಾಗಿಲು ತೆಗೆದು ಬಂದಾಗ ಗಂಡ ಮೇಜುಬಟ್ಟೆಯನ್ನು ನೆನೆಸುತ್ತಿದ್ದರು.

‘ರೀ, ಅದು ಒಗೆದಿದ್ದು.’

‘ಗೊತ್ತು.’

‘ಒಣಗಿತ್ತು.’

‘ಅದಕ್ಕೇ ನೆನೆಸ್ತಿದೀನಿ. ಒಣಗಿಸಬೇಕಲ್ಲ.’

ಅವಳು ಚೀಲ ಕೆಳಗಿಟ್ಟು ಕುಳಿತಳು. ಎಷ್ಟೋ ವರ್ಷ ಮಕ್ಕಳ ತಪ್ಪು ಲೆಕ್ಕ ತಿದ್ದಿದವಳು. ಉತ್ತರದಿಂದ ಹಿಂದಕ್ಕೆ ಹೋಗಿ ತಪ್ಪಿದ ಹೆಜ್ಜೆ ಹಿಡಿಯುವುದು ಅವಳಿಗೆ ಕಷ್ಟವಲ್ಲ. ‘ಬಿಚ್ಚಿದ್ರಾ?’ ಎಂದಳು.

‘ಹ್ಞೂಂ.’

‘ನಾನು ಅಕ್ಕಂಗೆ ಮಾತು ಕೊಟ್ಟಿದ್ದೆ.’

‘ಹ್ಞೂಂ.’

ಅಷ್ಟರಲ್ಲಿ ಕೆಳಗೆ ಗದ್ದಲವೆದ್ದಿತು. ಹನಿ ಮತ್ತೆ ಶುರುವಾಗಿತ್ತು, ಮೊದಲಿಗಿಂತ ಜೋರಾಗಿ. ಸಿಸ್ಟರ್ ಮಂಚದ ಮೇಲೆ ಕೊಡೆ ಬಿಚ್ಚಿದ್ದರು. ಸ್ಯಾಂಪಲ್ ಸರ್ ಆಸೆಯಿಂದ ಕಿವಿಗೊಟ್ಟರು. ಮೆಟ್ಟಿಲಲ್ಲಿ ಕಾರ್ಯದರ್ಶಿಯ ಪ್ಲಾಟ್‌ಫಾರಂ ದನಿ ಮೊಳಗಿತು: ‘ಫ್ಯೂಸು ಕಿತ್ತ ಮೇಲೂ ಏಸಿ ಓಡಿಸ್ತಿದಾನೆ! ಅಂದ್ರೆ ಏನರ್ಥ? ಕರೆಂಟು ಕದೀತಿದಾನೆ!’

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಬ್ರೆಡ್ಡಿನ ಹೆಂಡತಿಗೆ ದಿನ ತುಂಬಿದ್ದನ್ನೂ ಗಂಡನ ಬಾಯಿಂದ ತಿಳಿದಳು. ಆಮೇಲೆ ಒದ್ದೆ ಮೇಜುಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು.

‘ನನ್ನ ಮಾತು ಹೋದ್ರೆ ಅಕ್ಕ ಒಂದು ವಾರ ಮಾತು ಬಿಡ್ತಾಳೆ. ಅದು ಲಾಭಾನೇ. ಆ ಹುಡುಗನ ಮನೆ ಹೋದ್ರೆ ನೀವು ಈ ಮೆಟ್ಟಿಲು ಹೇಗೆ ಹತ್ತಿ ಇಳೀತೀರಿ? ಹೋಗಿ ಹೇಳಿ.’

‘ಭಾನುವಾರ ಹೇಳ್ತೀನಿ. ಸಭೇಲೇ.’

‘ಭಾವ ಬರೋ ದಿನ!’

‘ಗೊತ್ತು,’ ಎಂದರು ಸ್ಯಾಂಪಲ್ ಸರ್, ಗಲ್ಲಿಗೆ ದಿನಾಂಕ ಕೇಳಿಸಿಕೊಂಡವರ ದನಿಯಲ್ಲಿ.

ಭಾನುವಾರದ ಸಭೆ, ಸಾಕ್ಷ್ಯ ಕಣ್ಣಮುಂದಿರಲಿ ಎಂದು, ಸಿಸ್ಟರ್ ಮಲಗುವ ಕೋಣೆಯಲ್ಲೇ ಸೇರಿತು. ಮಂಚ ಸರಿಸಿ ಹನಿ ಬೀಳುವ ಜಾಗದಲ್ಲಿ ಬಕೆಟ್ಟು ಇಟ್ಟಿದ್ದರು. ಯಾರೋ ಕುರ್ಚಿ ಸಾಲದೆಂದು ಆ ಬಕೆಟ್ಟನ್ನೂ ಸರಿಸಿದರು. ಕಾರ್ಯದರ್ಶಿ ಬಿಳಿ ಅಂಗಿ ತೊಟ್ಟು ಅಲ್ಲೇ ನಿಂತರು. ಬ್ರೆಡ್ಡು ಕೆಲಸ ಮುಗಿಸಿ ನೇರ ಬಂದಿದ್ದ. ಹುಬ್ಬಿನ ಮೇಲೆ ಹಿಟ್ಟು, ಕಣ್ಣು ಕೆಂಪು. ಡ್ರೈಯರು ಒಯ್ಯಲು ಬಂದ ಷಡ್ಡಕ, ಮೇಲೆ ಯಂತ್ರ ನೋಡಿ ಮೆಟ್ಟಿಲು ಇಳಿಯುವಾಗ ಗದ್ದಲ ಕೇಳಿ, ಒಳಬಂದು ಬಾಗಿಲಿಗೆ ಒರಗಿದ.

‘ಸಭೆಯ ಗಮನಕ್ಕೆ,’ ಎಂದು ಕಾರ್ಯದರ್ಶಿ ಶುರುಮಾಡಿದರು. ‘ಸೋರಿಕೆ, ವಿದ್ಯುತ್ ಕಳ್ಳತನ, ಹಗಲು ನಿದ್ದೆ—’

‘ಒಂದು ನಿಮಿಷ,’ ಎಂದು ಸ್ಯಾಂಪಲ್ ಸರ್ ಎದ್ದರು. ಗಂಟಲು ಒಣಗಿತ್ತು, ಆ ಕೋಣೆಯಲ್ಲಿ ಒಣಗಿದ್ದು ಅದೊಂದೇ. ‘ಈ ನೀರು ನಂದು.’

ಸಭೆ ಅವರನ್ನು ನೋಡಿತು.

‘ನಮ್ಮನೇಲಿ ಡ್ರೈಯರಿದೆ. ನಾನು ಅದನ್ನ ಬಿಚ್ಚಿ ಸರಿ ಮಾಡ್ದೆ. ಒಂದು ಕೊಳವೆ ಕಳಚಿದೆ. ನೀರು ಅಲ್ಲಿಂದ ಬರ್ತಿದೆ. ಈ ಹುಡುಗನದು ಏನೂ ತಪ್ಪಿಲ್ಲ.’

ಆಮೇಲೆ ಕಾರ್ಯದರ್ಶಿಯ ಕಣ್ಣು ತುಂಬಿತು.

‘ನೋಡಿ!’ ಎಂದರು. ‘ನೋಡಿ ದೊಡ್ಡತನ! ಬಡ ಬಾಡಿಗೆದಾರನ ಮೇಲಿನ ಕರುಣೆಗೆ ತಮ್ಮ ತಲೆಗೇ ಎಳ್ಕೊಳ್ತಿದಾರೆ! ಸರ್, ನಿಮ್ಮಂಥ ತಜ್ಞರು ಇಂಥ ತಪ್ಪು ಮಾಡ್ತೀರ ಅಂದ್ರೆ ಯಾರು ನಂಬ್ತಾರೆ?’

‘ಬೇಕಾದಷ್ಟು ಜನ ನಂಬ್ತಾರೆ,’ ಎಂದರು ಸ್ಯಾಂಪಲ್ ಸರ್ ದೀನರಾಗಿ. ‘ನಮ್ಮ ಷಡ್ಡಕರು ಇಲ್ಲೇ ಇದಾರೆ. ಕೇಳಿ.’

ಷಡ್ಡಕ ನಕ್ಕ. ಬಾಗಿಲಿಗೆ ಒರಗಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. ‘ಇವರು? ಡ್ರೈಯರ್ ರಿಪೇರಿ? ಸುಳ್ಳು. ಈಗ ಮೇಲೆ ಒಂದು ನಿಮಿಷ ಓಡಿಸಿ ನೋಡ್ಕೊಂಡು ಬಂದೆ, ಮೆಷಿನ್ ಚೆನ್ನಾಗಿ ಓಡತ್ತೆ. ಇವರು ಕೈ ಹಾಕಿದ್ದು ನಿಜ ಆಗಿದ್ರೆ ಅದು ಓಡ್ತಾ ಇರ್ಲಿಲ್ಲ. ನಾನು ಬರ್ಕೊಡ್ತೀನಿ ಬೇಕಾದ್ರೆ!’

ಹೀಗೆ, ಜೀವನದಲ್ಲಿ ಮೊದಲ ಬಾರಿಗೆ, ಷಡ್ಡಕ ಅವರ ಪರವಾಗಿ ಸಾಕ್ಷಿ ಹೇಳಿದ.

‘ಪಾಪ, ಜ್ವರ ಇರಬೇಕು,’ ಎಂದು ಸಿಸ್ಟರ್ ಅವರ ಹಣೆ ಮುಟ್ಟಿ ನೋಡಿದರು. ‘ಕೂತ್ಕೊಳ್ಳಿ, ದೀರ್ಘವಾಗಿ ಉಸಿರಾಡಿ.’

‘ನಂಗಿದೆಲ್ಲ ಅರ್ಥ ಆಗ್ತಿಲ್ಲ,’ ಎಂದ ಬ್ರೆಡ್ಡು. ‘ಕಳ್ಳನೇ ಕದ್ದೆ ಅಂತಿದಾನೆ, ಪೊಲೀಸು ಇಲ್ಲ ಅಂತಿದೆ.’

ಸ್ಯಾಂಪಲ್ ಸರ್ ಕೂರಲಿಲ್ಲ. ಪ್ರಯೋಗಾಲಯದಲ್ಲಿ ಇಂಥ ಸಂಕಟಕ್ಕೆ ಒಂದು ಹಳೆಯ ಉಪಾಯವಿದೆ: ನೀರು ಎಲ್ಲಿಂದ ಬರುತ್ತಿದೆ ಎಂಬ ಜಗಳವಾದರೆ ಮೂಲಕ್ಕೆ ಬಣ್ಣ ಹಾಕಿ ನೋಡುವುದು. ಒಂದು ಚಿಟಿಕೆಗೆ ಇಡೀ ಬಕೆಟ್ಟನ್ನು ಕಡು ನೇರಳೆ ಮಾಡುವ ಪರ್ಮಾಂಗನೇಟ್ ಹರಳನ್ನು ಅವರು ಬೆಳಿಗ್ಗೆಯೇ ಹೆಂಡತಿಯ ಕೈಗೆ ಕೊಟ್ಟಿದ್ದರು; ತಮ್ಮ ಮಾತಿನ ಮೇಲೆ ಅವರಿಗೂ ಅಷ್ಟೇನೂ ನಂಬಿಕೆ ಇರಲಿಲ್ಲ. ಕಿಟಕಿಗೆ ಹೋಗಿ ಕುತ್ತಿಗೆ ಹೊರಹಾಕಿ ಕೂಗಿದರು:

‘ಏಯ್! ಹಾಕೇ!’

‘ಎಷ್ಟು?’ ಎಂದು ಮೇಲಿನಿಂದ ದನಿ.

‘ಒಂದು ಚಿಟಿಕೆ!’

‘ಒಂದು ಚಮಚ ಹಾಕಿದೀನಿ, ಇರ್ಲಿ!’

ಯಂತ್ರದ ತಳದ ಗುಂಡಿಗೆ ಬಣ್ಣದ ನೀರು ಸುರಿದು, ಕಂಡೆನ್ಸರು ಮುಚ್ಚಿ, ಅವಳು ಸ್ವಿಚ್ಚು ಒತ್ತಿದಳು. ಮೇಲೆ ಗುರ್ ಎಂಬ ಸದ್ದು. ಕಾರ್ಯದರ್ಶಿ ಈ ಅಡಚಣೆಯನ್ನು ಕ್ಷಮಿಸಿ ಮುಂದುವರಿದರು. ‘ಈ ಎಲ್ಲ ಕಾರಣಗಳಿಂದ, ಸದರಿ ಬಾಡಿಗೆದಾರನು ಈ ತಿಂಗಳೊಳಗೆ ಮನೆಯನ್ನು—’

ಹನಿ ಬಿತ್ತು.

ಅದು ಅವರ ಬೋಳುತಲೆಯ ನಟ್ಟನಡುವೆ ಬಿದ್ದು, ಯಾವ ಕಡೆ ಹೋಗಲಿ ಎಂದು ಕ್ಷಣ ಯೋಚಿಸಿ, ಹಣೆಯ ಮೇಲಿಂದ ಮೂಗಿನ ದಂಡೆ ಹಿಡಿದು ಇಳಿಯಿತು. ಹಿಂದೆಯೇ ಎರಡನೆಯದು ಬಿಳಿ ಅಂಗಿಯ ಜೇಬಿನ ಮೇಲೆ. ಸಭೆಗೆ ಸಭೆಯೇ ಬಾಯಿ ತೆರೆಯಿತು. ಕಾರ್ಯದರ್ಶಿ ಮೂಗಿನ ತುದಿಗೆ ಬೆರಳಿಟ್ಟು ನೋಡಿಕೊಂಡರು. ಬೆರಳು ನೇರಳೆ.

‘ಇದು... ಯಾವ ಏಸಿ ನೀರು?’ ಎಂದರು ಕ್ಷೀಣವಾಗಿ.

‘ನಂದಂತೂ ಅಲ್ಲ ಸಾರ್,’ ಎಂದ ಬ್ರೆಡ್ಡು. ‘ಪಾರಿವಾಳ ಬೇರೆ ಬಣ್ಣ ಬಿಡತ್ತೆ.’

ನಗು ಎಲ್ಲಿ ಶುರುವಾಯಿತೋ ಹೇಳುವುದು ಕಷ್ಟ. ಪ್ಲಂಬರು ಗೋಡೆ ಹಿಡಿದುಕೊಂಡು ನಕ್ಕ, ಅದು ಅವನೇ ಒಡೆದ ಗೋಡೆಯಾದ್ದರಿಂದ ಇನ್ನೂ ಸ್ವಲ್ಪ ಉದುರಿತು. ಸಿಸ್ಟರ್ ಹತ್ತಿ ತಂದು ಕಾರ್ಯದರ್ಶಿಯ ತಲೆ ಒರೆಸಿದರು. ಒರೆಸಿದಷ್ಟೂ ಕಲೆ ಹರಡಿತು. ‘ಚರ್ಮಕ್ಕೆ ಹಿಡಿದಿದೆ. ಒಂದು ವಾರ ಬೇಕು,’ ಎಂದು ಸಮಾಧಾನ ಹೇಳಿದರು. ‘ರೋಗ ಏನೂ ಇಲ್ಲ, ನೋಡೋಕೆ ಮಾತ್ರ.’

ಷಡ್ಡಕ ನಗಲಿಲ್ಲ. ‘ನನ್ನ ಮೆಷಿನ್!’ ಎಂದ. ‘ಮುಟ್ಟಬೇಡಿ ಅಂತ ಕಾಲಿಗೆ ಬಿದ್ದು ಹೇಳಿದ್ನಲ್ರೀ!’

ಇಳಿದು ಬಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತು, ನೇರಳೆ ಬೆರಳುಗಳನ್ನು ಒರೆಸಿಕೊಳ್ಳುತ್ತಾ ಹೇಳಿದಳು: ‘ಭಾವ, ನಾನು ಮಾತು ಕೊಟ್ಟಿದ್ದೆ, ತಪ್ಪಿದ್ವಿ. ಅಕ್ಕಂಗೆ ನಾನೇ ಹೇಳ್ತೀನಿ. ಆದರೆ ಪಂಪು ಕೆಟ್ಟಿದ್ರೆ ನೀರು ಇಲ್ಲಿ ತನಕ ಬರ್ತಿತ್ತಾ? ಇಡೀ ಕಟ್ಟಡದ ಮುಂದೆ ಕೆಲಸ ಮಾಡಿ ತೋರಿಸಿದೆ ನಿಮ್ಮ ಮೆಷಿನ್ನು.’

ಸ್ಯಾಂಪಲ್ ಸರ್ ಆ ಮಾತಿಗೆ ತಲೆ ಎತ್ತಲು ಹೊರಟು, ಬ್ರೆಡ್ಡಿನ ಕಣ್ಣು ಕಂಡು ಮತ್ತೆ ಇಳಿಸಿಕೊಂಡರು. ಹುಡುಗನ ಮನೆಯ ಮಾತು ಇನ್ನೂ ಮುಗಿದಿರಲಿಲ್ಲ. ನೇರಳೆ ಮೂಗಿನ ಕಾರ್ಯದರ್ಶಿ ಎರಡು ಸಲ ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಪ್ಲಾಟ್‌ಫಾರಂಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

‘ನೋಡಪ್ಪಾ, ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ. ಸಂಘದ ಪರವಾಗಿ ನಾನು—’

‘ನಾನೂ,’ ಎಂದರು ಸ್ಯಾಂಪಲ್ ಸರ್. ‘ಮೊದಲು ನಾನು ಕೇಳ್ಬೇಕು ಕ್ಷಮೆ. ತಪ್ಪಿಗೆಲ್ಲ ಮೂಲ—’

ಬ್ರೆಡ್ಡು ಬಾಯಿ ತೆರೆದ. ಎಲ್ಲರೂ ಮಾತಿಗೆ ಕಾದರು. ಬಂದದ್ದು ಆಕಳಿಕೆ, ದೀರ್ಘವಾದ ಆಕಳಿಕೆ.

‘ಇಬ್ರೂ ಸಂಜೆ ಬನ್ನಿ ಸಾರ್,’ ಎಂದ. ‘ಕ್ಷಮೆ ಕೇಳೋರು ನಿಂತ್ಕೊಂಡು ಕೇಳ್ತೀರ, ನಾನೂ ನಿಂತ್ಕೊಂಡೇ ಕೇಳಿಸ್ಕೋಬೇಕು. ಈಗ ಕಾಲು ನಿಲ್ತಿಲ್ಲ.’

ಅವನು ಕೋಣೆಯಿಂದ ಹೊರಗೆ ಹೋದ. ಚಪ್ಪಲಿಯ ಸದ್ದು ನಿಧಾನವಾಗಿ ಮೆಟ್ಟಿಲು ಹತ್ತಿತು. ಸಭೆ ಸೀಲಿಂಗು ನೋಡುತ್ತಾ ಕಿವಿಗೊಟ್ಟು ಕುಳಿತಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.